ಜವಾರಿ ಕೋಳಿಯ ಬ್ಯಾನಿಗೆ ಮನೆಮದ್ದೊಂದೇ ಸಾಕೇ?

ನಮ್ಮ ರಾಯಚೂರು ಜಿಲ್ಲೆಯಲ್ಲಿ ಜವಾರಿ ಕೋಳಿ ಅಂದರೆ ಹೆಣ್ಣುಮಕ್ಕಳ ಕೈಯಲ್ಲಿರುವ ರೊಕ್ಕ. ಹೊಲದ ಪಹಣಿ ಗಂಡನ ಹೆಸರಲ್ಲಿರುತ್ತದೆ. ಹತ್ತಿ ಮಾರಿದ ದುಡ್ಡು ಬೀಜ-ಗೊಬ್ಬರದ ಅಂಗಡಿಯ ಬಾಕಿಗೆ ಹೋಗುತ್ತದೆ. ಹುಂಜ ಮಾರಿದ ದುಡ್ಡಿನ ಲೆಕ್ಕವನ್ನು ಮಾತ್ರ ಯಾರೂ ಕೇಳುವುದಿಲ್ಲ. ಮಗಳ ನೋಟುಬುಕ್ಕು, ಸಂಘದ ವಾರದ ಕಂತು, ರಾತ್ರೋರಾತ್ರಿ ಆಸ್ಪತ್ರೆಗೆ ಓಡಬೇಕಾದಾಗ ಆಟೋ ಬಾಡಿಗೆ ಎಲ್ಲ ಅದರಲ್ಲೇ. ಮಕ್ಕಳು ಬೆಂಗಳೂರಿಗೆ ಗುಳೆ ಹೋದ ಮೇಲೆ ಊರಲ್ಲಿ ಉಳಿದ ವಯಸ್ಸಾದ ತಾಯಿಗೆ ಅಂಗಳದ ಐದಾರು ಕೋಳಿಗಳೇ ಬ್ಯಾಂಕು.

ಹಾಗಾಗಿ ಒಂದು ಓಣಿಗೆ ಬ್ಯಾನಿ ಬಂದು ನಾಲ್ಕೇ ದಿನದಲ್ಲಿ ಗೂಡುಗಳು ಖಾಲಿಯಾದರೆ ಅದು ಸಣ್ಣ ಸುದ್ದಿಯಲ್ಲ. ಆದರೆ ಎಮ್ಮೆ ಸತ್ತರೆ ಪಂಚನಾಮೆ ಆಗುತ್ತದೆ, ಕೋಳಿ ಸತ್ತರೆ ತಿಪ್ಪೆ ಸೇರುತ್ತದೆ. ಯಾವ ಕಚೇರಿಯ ವಹಿಯಲ್ಲೂ ಆ ನಷ್ಟ ಬರೆದಿರುವುದಿಲ್ಲ.

ಇಂಥ ಹೊತ್ತಿನಲ್ಲಿ ಹಳ್ಳಿಯ ಮೊಬೈಲುಗಳಲ್ಲಿ ಓಡಾಡುವುದು ಮನೆಮದ್ದಿನ ವಿಡಿಯೋಗಳು. ಬೇವು ಅರೆದು ಕುಡಿಸಿ, ಬೆಳ್ಳುಳ್ಳಿ ತಿನ್ನಿಸಿ, ಅರಿಷಿಣದ ನೀರು ಇಡಿ, ಕೋಳಿ ರೋಗ ಮಾಯ ಎನ್ನುತ್ತವೆ. ಮನೆಮದ್ದನ್ನು ಹೀಗಳೆಯಲು ನಾವು ಇದನ್ನು ಬರೆಯುತ್ತಿಲ್ಲ. ದೇವದುರ್ಗ, ಮಾನ್ವಿ ಕಡೆಯ ಹೆಣ್ಣುಮಕ್ಕಳ ಬಳಿ ಇರುವ ಕೋಳಿ ಜ್ಞಾನ ದೊಡ್ಡದು. ನಮ್ಮ ತಕರಾರು ಬೇರೆ. ಬೇವಿಗೆ ಬೇವಿನ ಕೆಲಸ ಕೊಡಬೇಕು, ಲಸಿಕೆಗೆ ಲಸಿಕೆಯ ಕೆಲಸ ಕೊಡಬೇಕು. ಈಗ ಆಗುತ್ತಿರುವುದೇನೆಂದರೆ, ಲಸಿಕೆ ಊರಿಗೆ ಬರುವುದೇ ಇಲ್ಲವಾದ್ದರಿಂದ ಅದರ ಕೆಲಸವನ್ನೂ ಬೇವಿನ ತಲೆಗೆ ಕಟ್ಟಿದ್ದೇವೆ. ಕೋಳಿ ಸತ್ತಾಗ ತಪ್ಪು ಮದ್ದು ಅರೆದವಳದ್ದಾಗುತ್ತದೆ.

‘ಕೋಳಿ ರೋಗ’ ಎಂಬುದು ಒಂದು ರೋಗವಲ್ಲ

ವಿಡಿಯೋಗಳ ಮತ್ತು ಪತ್ರಿಕೆಗಳ ಮನೆಮದ್ದು ಅಂಕಣಗಳ ಮೊದಲ ತೊಡಕು ಇಲ್ಲೇ ಇದೆ. ಕೋಳಿ ಜೋಲು ಬಿದ್ದು ಕೂತಿದೆ ಎಂದರೆ ಕಾರಣ ಹತ್ತು ಇರಬಹುದು. ವೈರಸ್ಸು ಇರಬಹುದು, ಬ್ಯಾಕ್ಟೀರಿಯಾ ಇರಬಹುದು, ಹೊಟ್ಟೆಯ ಜಂತು ಇರಬಹುದು, ರಕ್ತ ಹೀರುವ ಉಣ್ಣೆ ಇರಬಹುದು, ಬರೀ ಬಿಸಿಲೂ ಇರಬಹುದು. ಎಲ್ಲಕ್ಕೂ ಒಂದೇ ಕಷಾಯ ಹೇಳುವವರನ್ನು ನಂಬುವ ಮೊದಲು ಯಾವ ರೋಗಕ್ಕೆ ಎಂದು ಕೇಳಬೇಕು.

ನಾವು ಓಡಾಡುವ ಮೂರು ಕಡೆಯೂ ಕೋಳಿಯ ಕಷ್ಟ ಒಂದೇ ತರಹ ಇಲ್ಲ. ಮಾನ್ವಿಯಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯ ನೀರು, ಭತ್ತದ ಗದ್ದೆ, ಅದರ ಹಿಂದೆಯೇ ಹಸಿ ನೆಲ ಮತ್ತು ಸೊಳ್ಳೆ. ಅಲ್ಲಿ ಮರಿಗಳಿಗೆ ರಕ್ತಭೇದಿ, ದೊಡ್ಡ ಕೋಳಿಗೆ ಸಿಡುಬು. ದೇವದುರ್ಗದ ಒಣಭೂಮಿಯ ಊರುಗಳಲ್ಲಿ ಮಣ್ಣಿನ ಗೋಡೆಯ ಬಿರುಕಿನಲ್ಲಿ ಉಣ್ಣೆ, ಜೊತೆಗೆ ಬೇಸಿಗೆಯ ಬೆಂಕಿ. ರಾಯಚೂರು ನಗರದ ಬಡಾವಣೆಗಳಲ್ಲಿ ಸಾಕುವ ಕೋಳಿ ಮೇಯುವುದು ಚರಂಡಿ ದಂಡೆಯಲ್ಲಿ. ಅಲ್ಲೇ ಪಕ್ಕದಲ್ಲಿ ಚಿಕನ್ ಅಂಗಡಿಯ ಪುಚ್ಚ, ಕರುಳು ಬಿದ್ದಿರುತ್ತದೆ. ಹೊರಗಿನ ರೋಗ ಓಣಿಗೆ ಬರಲು ಅದಕ್ಕಿಂತ ಸುಲಭದ ದಾರಿ ಬೇಕಿಲ್ಲ.

ಮನೆಮದ್ದು ಗೆಲ್ಲುವ ಕಡೆ

ಮೊದಲು ಒಲೆಯ ಬೂದಿ. ಕೋಳಿ ಮಣ್ಣಲ್ಲಿ ಹೊರಳಾಡುವುದು ಆಟವಲ್ಲ, ಅದು ಅದರ ಸ್ನಾನ. ಒಣ ಮಣ್ಣಿಗೆ ಕಟ್ಟಿಗೆಯ ಬೂದಿ ಬೆರೆಸಿ ನೆರಳಲ್ಲಿ ಒಂದು ಗುಂಡಿ ಮಾಡಿಕೊಟ್ಟರೆ ಪುಚ್ಚದೊಳಗಿನ ಹೇನು ಕಡಿಮೆಯಾಗುತ್ತವೆ. ಸಣ್ಣ ಪುಡಿ ಹೇನಿನ ಮೈಯ ಪಸೆಯನ್ನು ಹೀರಿ ಅದನ್ನು ಒಣಗಿಸುತ್ತದೆ. ಗ್ಯಾಸ್ ಒಲೆ ಬಂದ ಮೇಲೆ ಬೂದಿ ಸಿಗುವುದು ಕಡಿಮೆಯಾಗಿದೆ. ನೀರು ಕಾಯಿಸುವ ಒಲೆಯದ್ದಾದರೂ ಎತ್ತಿಡಿ.

ಎರಡನೆಯದು ಸುಣ್ಣ. ಕೋಳಿ ಉಣ್ಣೆ ಹಗಲು ಗೋಡೆಯ ಬಿರುಕಲ್ಲಿ, ಮಂಚದ ಸಂದಿಯಲ್ಲಿ ಅಡಗಿರುತ್ತದೆ, ರಾತ್ರಿ ಬಂದು ರಕ್ತ ಹೀರಿ ಮತ್ತೆ ಅಲ್ಲಿಗೇ ಹೋಗುತ್ತದೆ. ಹಾಗಾಗಿ ಹಗಲಲ್ಲಿ ಕೋಳಿಯ ಮೈ ಹುಡುಕಿದರೆ ಏನೂ ಸಿಗುವುದಿಲ್ಲ. ರಕ್ತವಿಲ್ಲದೆ ತಿಂಗಳುಗಟ್ಟಲೆ ಬದುಕುವ ಈ ಹುಳು ಜ್ವರದಂಥ ರೋಗವನ್ನೂ ಹರಡುತ್ತದೆ. ಕೋಳಿಗೆ ಏನು ಹಚ್ಚಿದರೂ ಗೂಡು ಹಾಗೇ ಇದ್ದರೆ ಪ್ರಯೋಜನವಿಲ್ಲ. ಬಿರುಕುಗಳನ್ನು ಸಗಣಿ-ಮಣ್ಣಿನಿಂದ ಮುಚ್ಚಿ, ಸುಣ್ಣ ಬಳಿಯಬೇಕು. ಹಬ್ಬಕ್ಕೆ ಮನೆಗೆ ಸುಣ್ಣ ಹಚ್ಚುವಾಗ ಗೂಡನ್ನು ಮರೆಯದಿದ್ದರೆ ಅರ್ಧ ಕೆಲಸ ಆದಂತೆ.

ಮೂರನೆಯದು ಎಣ್ಣೆ. ಕೋಳಿಯ ಕಾಲಿನ ಹುರುಪೆ ಎದ್ದು, ದಪ್ಪಗೆ ಸುಣ್ಣ ಮೆತ್ತಿದ ಹಾಗೆ ಕಾಣುತ್ತಿದ್ದರೆ ಅದು ಚರ್ಮದೊಳಗೆ ಸೇರಿದ ನುಸಿಯ ಕೆಲಸ. ಬೆಚ್ಚನೆಯ ಸೋಪಿನ ನೀರಲ್ಲಿ ಕಾಲು ನೆನೆಸಿ, ಕುಸುಬಿ ಎಣ್ಣೆಯನ್ನೋ ಬೇವಿನ ಎಣ್ಣೆ ಬೆರೆಸಿದ ಕೊಬ್ಬರಿ ಎಣ್ಣೆಯನ್ನೋ ಕೆಲವು ವಾರ ಹಚ್ಚಿದರೆ ನುಸಿ ಉಸಿರುಕಟ್ಟಿ ಸಾಯುತ್ತದೆ. ಹುರುಪೆಯನ್ನು ಕೈಯಿಂದ ಕೀಳಬಾರದು.

ನಾಲ್ಕನೆಯದು ನೀರು ಮತ್ತು ನೆರಳು. ಕೋಳಿಗೆ ಬೆವರು ಬರುವುದಿಲ್ಲ, ಬಾಯಿ ತೆರೆದು ಏದುಸಿರು ಬಿಟ್ಟೇ ಮೈ ತಂಪು ಮಾಡಿಕೊಳ್ಳಬೇಕು. ಏಪ್ರಿಲ್-ಮೇ ತಿಂಗಳಲ್ಲಿ ನಮ್ಮಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಮಣ್ಣಿನ ಕುಡಿಕೆಯಲ್ಲಿ ತಣ್ಣೀರು, ನೀರು ಮಜ್ಜಿಗೆ, ಗೂಡಿನ ಮೇಲೆ ಹಸಿ ಗೋಣಿಚೀಲ, ಜೋಳ-ನುಚ್ಚನ್ನು ನಡು ಮಧ್ಯಾಹ್ನ ಬಿಟ್ಟು ಬೆಳಿಗ್ಗೆ ಸಂಜೆ ಹಾಕುವುದು. ಇದಕ್ಕಿಂತ ಒಳ್ಳೆಯ ಔಷಧ ಯಾವ ಅಂಗಡಿಯಲ್ಲೂ ಇಲ್ಲ. ಜೊತೆಗೆ ನುಗ್ಗೆಸೊಪ್ಪು ಹೆಚ್ಚಿ ಹಾಕಿದರೆ ಹಸಿರು ಸಿಗದ ಬೇಸಿಗೆಯಲ್ಲಿ ಎ ಜೀವಸತ್ವ ಸಿಗುತ್ತದೆ.

ಐದನೆಯದು ಒಣ ನೆಲ. ಮರಿಗಳ ಹಿಕ್ಕೆಯಲ್ಲಿ ರಕ್ತ ಕಾಣಿಸುವ ರಕ್ತಭೇದಿ ಒಂದು ಸೂಕ್ಷ್ಮ ಪರಾವಲಂಬಿ ಜೀವಿಯಿಂದ ಬರುತ್ತದೆ. ಅದರ ತತ್ತಿ ಹಸಿ ಮತ್ತು ಬೆಚ್ಚನೆಯ ನೆಲದಲ್ಲಿ ಒಂದೆರಡು ದಿನದಲ್ಲೇ ಸೋಂಕು ಹಚ್ಚಲು ತಯಾರಾಗುತ್ತದೆ. ಮಾನ್ವಿ ಕಡೆ ಮಳೆಗಾಲದಲ್ಲಿ ಬುಟ್ಟಿಯ ಕೆಳಗಿನ ಹೊಟ್ಟನ್ನು ದಿನಾ ಬದಲಿಸಿ, ಬಿಸಿಲಿಗೆ ಒಣಗಿಸಿ, ನೀರಿನ ತಟ್ಟೆಯನ್ನು ಇಟ್ಟಿಗೆಯ ಮೇಲೆ ಇಟ್ಟರೆ ಈ ರೋಗ ಬರುವುದೇ ಕಡಿಮೆ. ಆದರೆ ರಕ್ತ ಕಂಡ ಮೇಲೆ ದಾಳಿಂಬೆ ಸಿಪ್ಪೆಯ ಕಷಾಯ ಕಾಯಿಸುತ್ತಾ ಕೂರಬೇಡಿ. ಪಶು ಆಸ್ಪತ್ರೆಯಲ್ಲಿ ಕೇಳಿ ನೀರಿನಲ್ಲಿ ಬೆರೆಸುವ ಆಂಪ್ರೋಲಿಯಂ ಪುಡಿ ತರಬೇಕು. ಮರಿ ಎರಡು ಮೂರು ದಿನವೂ ತಡೆಯುವುದಿಲ್ಲ.

ಈ ಐದರಲ್ಲಿ ಒಂದು ಸಾಮ್ಯ ಇದೆ. ಅವು ಬಹುಪಾಲು ಕೋಳಿಯ ಹೊಟ್ಟೆಗೆ ಹಾಕುವ ಮದ್ದಲ್ಲ, ಕೋಳಿ ಬದುಕುವ ಜಾಗಕ್ಕೆ ಮಾಡುವ ಉಪಚಾರ. ನಮ್ಮ ಹಿರಿಯರ ನಿಜವಾದ ಕೋಳಿ ವೈದ್ಯ ಇದೇ. ಇದು ವಿಡಿಯೋದಲ್ಲಿ ಬರುವುದಿಲ್ಲ, ಏಕೆಂದರೆ ಗೂಡು ಬಳಿಯುವುದನ್ನು ಯಾರೂ ಕೂತು ನೋಡುವುದಿಲ್ಲ.

ಗೆದ್ದಂತೆ ಕಾಣುವ ಕಡೆ

ಸಿಡುಬನ್ನು ತೆಗೆದುಕೊಳ್ಳಿ. ಜುಟ್ಟು, ಕಣ್ಣು, ಕೊಕ್ಕಿನ ಸುತ್ತ ಗಂಟು ಗಂಟಾಗಿ ಹುಣ್ಣು ಏಳುತ್ತದೆ. ಇದು ವೈರಸ್ ರೋಗ, ಮುಖ್ಯವಾಗಿ ಸೊಳ್ಳೆ ಹರಡುತ್ತದೆ. ಬೇವು-ಅರಿಷಿಣ ಅರೆದು ಹಚ್ಚುತ್ತೇವೆ, ಮೂರು ನಾಲ್ಕು ವಾರದಲ್ಲಿ ಹುಣ್ಣು ಉದುರುತ್ತದೆ, ಮದ್ದಿಗೆ ಹೆಸರು ಬರುತ್ತದೆ. ನಿಜವೇನೆಂದರೆ ಚರ್ಮದ ಮೇಲಿನ ಸಿಡುಬು ಬಹಳ ಸಲ ಅಷ್ಟೇ ದಿನಕ್ಕೆ ತಾನೇ ಮಾಯುತ್ತದೆ. ತಾನೇ ಮಾಯುವ ರೋಗಕ್ಕೆ ಹಚ್ಚಿದ್ದೆಲ್ಲಾ ಮದ್ದೇ!

ಹಾಗೆಂದು ಬೇವು-ಅರಿಷಿಣ ಬೇಡ ಎನ್ನುವುದಿಲ್ಲ. ಹುಣ್ಣಿಗೆ ನೊಣ ಕೂರದಂತೆ, ಕೀವು ಆಗದಂತೆ ನೋಡಿಕೊಳ್ಳಲು ಅದು ಉಪಯೋಗಕ್ಕೆ ಬರುತ್ತದೆ. ಕಣ್ಣು ಮುಚ್ಚಿಹೋದ ಕೋಳಿಗೆ ಉಗುರುಬೆಚ್ಚಗಿನ ಉಪ್ಪು ನೀರಲ್ಲಿ ಕಣ್ಣು ಒರೆಸಿ, ಕೈಯಿಂದ ನುಚ್ಚು ತಿನ್ನಿಸಿದರೆ ಅದು ಉಳಿಯುತ್ತದೆ. ಏಕೆಂದರೆ ಸಿಡುಬಿನ ಕೋಳಿ ಎಷ್ಟೋ ಸಲ ಸಾಯುವುದು ಕಣ್ಣು ಕಾಣದೆ, ಹಸಿವಿನಿಂದ. ಆದರೆ ಗಂಟಲೊಳಗೆ ಹಳದಿ ಪೊರೆ ಕಟ್ಟುವ ಸಿಡುಬಿಗೆ ಯಾವ ಲೇಪವೂ ತಲುಪುವುದಿಲ್ಲ. ಅದನ್ನು ತಡೆಯುವ ಲಸಿಕೆ ಇದೆ.

ಜಂತು ಹುಳುವಿನ ವಿಷಯವೂ ಸ್ವಲ್ಪ ಹೀಗೆಯೇ. ಪಪ್ಪಾಯಿ ಬೀಜ, ಬೇವಿನ ಸೊಪ್ಪು ಒಂದಿಷ್ಟು ಹುಳು ಇಳಿಸಬಹುದು, ಆದರೆ ಎಷ್ಟು ತೂಕದ ಕೋಳಿಗೆ ಎಷ್ಟು ಎಂಬ ಅಳತೆ ಯಾರ ಬಳಿಯೂ ಗಟ್ಟಿಯಾಗಿಲ್ಲ. ಮೂರು ತಿಂಗಳಿಗೊಮ್ಮೆ ಪಶು ವೈದ್ಯರು ಹೇಳಿದ ಜಂತುನಾಶಕ ಕೊಡುವುದೇ ಕ್ಷೇಮ.

ಇನ್ನು ಕೆಲವು ಮದ್ದುಗಳನ್ನು ಬಿಟ್ಟೇ ಬಿಡಬೇಕು. ಹೊಗೆಸೊಪ್ಪಿನ ನೀರು ಹೇನನ್ನು ಕೊಲ್ಲುತ್ತದೆ ನಿಜ, ಅದರಲ್ಲಿರುವ ನಿಕೋಟಿನ್ ಮರಿಗೂ ವಿಷವೇ. ಸಿಡುಬಿನ ಹುಣ್ಣಿಗೆ ಸೀಮೆಎಣ್ಣೆ ಹಚ್ಚಿದರೆ ಚರ್ಮ ಸುಡುತ್ತದೆ. ಹತ್ತಿಗೆ, ಭತ್ತಕ್ಕೆ ಹೊಡೆದು ಉಳಿದ ಕ್ರಿಮಿನಾಶಕವನ್ನು ಕೋಳಿಯ ಮೈಗೆ, ಗೂಡಿಗೆ ಬಳಸುವುದು ಎಲ್ಲಕ್ಕಿಂತ ಅಪಾಯ. ಕೋಳಿಯೂ ಸಾಯುತ್ತದೆ, ಉಳಿದರೆ ಅದರ ಮೊಟ್ಟೆ ತಿಂದ ಮಗುವಿಗೂ ವಿಷ ಸೇರುತ್ತದೆ. ಮನುಷ್ಯರ ಜ್ವರದ ಗುಳಿಗೆ, ಆ್ಯಂಟಿಬಯೋಟಿಕ್ ಕ್ಯಾಪ್ಸೂಲ್ ಬಿಚ್ಚಿ ನೀರಲ್ಲಿ ಹಾಕುವುದೂ ಬೇಡ. ವೈರಸ್ ರೋಗಕ್ಕೆ ಅದು ನಾಟುವುದಿಲ್ಲ, ಮೊಟ್ಟೆ-ಮಾಂಸದಲ್ಲಿ ಮಾತ್ರ ಉಳಿಯುತ್ತದೆ. ಕೊಲಿಸ್ಟಿನ್ ಎಂಬ ಕೊನೆಯ ಅಸ್ತ್ರದಂಥ ಔಷಧವನ್ನು ಆಹಾರದ ಪ್ರಾಣಿಗಳಿಗೆ ಬಳಸದಂತೆ ಕೇಂದ್ರ ಸರ್ಕಾರ 2019ರಲ್ಲಿ ನಿಷೇಧಿಸಿದ್ದು ಇದೇ ಭಯದಿಂದ. ಆ್ಯಂಟಿಬಯೋಟಿಕ್ ಕಡಿಮೆ ಮಾಡಬೇಕೆಂಬ ಕಾರಣಕ್ಕೆ ಮನೆಮದ್ದಿನತ್ತ ತಿರುಗುವವರ ಕಾಳಜಿ ಸರಿಯಾದದ್ದು, ನಮಗೂ ಅದೇ ಇದೆ.

ಮನೆಮದ್ದು ಸೋಲುವ ಕಡೆ

ಈಗ ಕೊಕ್ಕರೆ ರೋಗಕ್ಕೆ ಬರೋಣ. ಪುಸ್ತಕದಲ್ಲಿ ಇದರ ಹೆಸರು ರಾಣಿಖೇತ್. ಈಗಿನ ಉತ್ತರಾಖಂಡದ ರಾಣಿಖೇತ್ ಎಂಬ ಊರಲ್ಲಿ 1920ರ ದಶಕದ ಕೊನೆಯಲ್ಲಿ ಇದನ್ನು ಗುರುತಿಸಿದ್ದರಿಂದ ಆ ಹೆಸರು. ಅದೇ ಹೊತ್ತಿಗೆ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಕಂಡಿದ್ದರಿಂದ ಹೊರಗಿನವರು ನ್ಯೂಕ್ಯಾಸಲ್ ರೋಗ ಎನ್ನುತ್ತಾರೆ. ಹಸಿರು ಭೇದಿ, ಬಾಯಿ ತೆರೆದು ಗೊರ ಗೊರ ಉಸಿರು, ಕತ್ತು ತಿರುಚುವುದು, ರೆಕ್ಕೆ-ಕಾಲು ಬೀಳುವುದು, ಸಾಲು ಸಾಲಾಗಿ ಸಾಯುವುದು ಇದರ ಲಕ್ಷಣ. ಲಸಿಕೆ ಹಾಕದ ಓಣಿಗೆ ಬಂದರೆ ಹೆಚ್ಚು ಕಡಿಮೆ ಗೂಡೇ ಗುಡಿಸಿಹೋಗುತ್ತದೆ.

ಇದು ವೈರಸ್ ರೋಗ. ಬಂದ ಮೇಲೆ ಇಂಗ್ಲಿಷ್ ಔಷಧದಲ್ಲೂ ಇದಕ್ಕೆ ಚಿಕಿತ್ಸೆ ಇಲ್ಲ, ಆಯುರ್ವೇದದಲ್ಲೂ ಇಲ್ಲ, ಬೇವಿನಲ್ಲೂ ಇಲ್ಲ. ಬೆಳ್ಳುಳ್ಳಿ, ಅರಿಷಿಣಕ್ಕೆ ಪ್ರಯೋಗಾಲಯದ ತಟ್ಟೆಯಲ್ಲಿ ಸೂಕ್ಷ್ಮಜೀವಿಗಳನ್ನು ತಡೆಯುವ ಗುಣ ಕಂಡಿದೆ. ಆದರೆ ತಟ್ಟೆಯಲ್ಲಿ ಆದದ್ದು ಕೋಳಿಯ ಮೈಯಲ್ಲಿ ಆಗುತ್ತದೆ ಎಂದಲ್ಲ. ಮದ್ದು ಕುಡಿಸಿದ ಹತ್ತರಲ್ಲಿ ಒಂದು ಕೋಳಿ ಉಳಿದರೆ ಉಳಿದ ಒಂದರ ಕಥೆ ಊರೆಲ್ಲ ಹಬ್ಬುತ್ತದೆ. ಸತ್ತ ಒಂಬತ್ತು ಮಾತಾಡುವುದಿಲ್ಲ.

ಮನೆಮದ್ದು ಪರೀಕ್ಷೆಗೆ ನಿಲ್ಲುವುದೇ ಇಲ್ಲ ಎಂಬ ವಾದವೂ ಸರಿಯಲ್ಲ. ಹಸುವಿನ ಕೆಚ್ಚಲು ಬಾವಿಗೆ ಲೋಳೆಸರ 250 ಗ್ರಾಂ, ಅರಿಷಿಣ 50 ಗ್ರಾಂ, ಸುಣ್ಣ 15 ಗ್ರಾಂ ಅರೆದು ಹಚ್ಚುವ ಪದ್ಧತಿಯನ್ನು ರಾಷ್ಟ್ರೀಯ ಡೈರಿ ಅಭಿವೃದ್ಧಿ ಮಂಡಳಿಯೇ ಹಾಲು ಸಂಘಗಳ ಮೂಲಕ ಹಳ್ಳಿಗಳಿಗೆ ತಲುಪಿಸುತ್ತಿದೆ. ಅಲ್ಲಿ ಇಂಥ ರೋಗ, ಇಷ್ಟು ಅಳತೆ, ದಿನಕ್ಕೆ ಇಷ್ಟು ಸಲ ಎಂಬ ಲೆಕ್ಕ ಇದೆ. ಕೋಳಿಯ ಮನೆಮದ್ದಿಗೂ ಆ ಗೌರವ ಸಿಗಬೇಕು ಎಂಬುದು ನಮ್ಮ ಮಾತು. ‘ಒಂದು ಹಿಡಿ ಬೇವು’ ಎಂದರೆ ಯಾರ ಹಿಡಿ?

ಲಸಿಕೆ ಇದೆ, ಓಣಿಗೆ ಬಂದಿಲ್ಲ

ಕೊಕ್ಕರೆ ರೋಗಕ್ಕೆ ಲಸಿಕೆ ಹೊಸದೇನಲ್ಲ. ಮುಕ್ತೇಶ್ವರದ ಪಶುವೈದ್ಯ ಸಂಶೋಧನಾ ಸಂಸ್ಥೆಯಲ್ಲಿ 1940ರ ದಶಕದಲ್ಲೇ ಇದಕ್ಕೆ ಲಸಿಕೆಯ ತಳಿ ತಯಾರಾಯಿತು. ಇವತ್ತಿಗೂ ಮರಿಗೆ ಮೊದಲ ವಾರದಲ್ಲಿ ಕಣ್ಣಿಗೋ ಮೂಗಿಗೋ ಒಂದು ಹನಿ ಲಸೋಟ ಅಥವಾ ಎಫ್ ತಳಿಯ ಲಸಿಕೆ, 6ರಿಂದ 8 ವಾರಕ್ಕೆ ಆರ್2ಬಿ ಚುಚ್ಚುಮದ್ದು, ಆಮೇಲೆ ವೈದ್ಯರು ಹೇಳಿದ ಅಂತರದಲ್ಲಿ ಮತ್ತೆ. ಒಂದು ಕೋಳಿಗೆ ಬೀಳುವ ಖರ್ಚು ಒಂದು ಜವಾರಿ ಮೊಟ್ಟೆಯ ಬೆಲೆಗಿಂತ ಕಡಿಮೆ. ಎಂಬತ್ತು ವರ್ಷ ಹಳೆಯ, ಮೊಟ್ಟೆಗಿಂತ ಅಗ್ಗದ ವಸ್ತು ದೇವದುರ್ಗದ ತಾಂಡಾಕ್ಕೆ ಏಕೆ ಬಂದಿಲ್ಲ?

ಕಾರಣಗಳು ಬಹಳ ಸಾದಾ. ಸೀಸೆ ಬರುವುದು 100, 200, 500 ಡೋಸಿನ ಲೆಕ್ಕದಲ್ಲಿ. ಎಂಟು ಕೋಳಿ ಇರುವವಳು 200 ಡೋಸಿನ ಸೀಸೆ ಒಡೆಸಿ ಏನು ಮಾಡಬೇಕು? ಕಲಸಿದ ಮೇಲೆ ಒಂದೆರಡು ಗಂಟೆಯೊಳಗೆ ಹಾಕಿ ಮುಗಿಸಬೇಕು. ಅಲ್ಲಿಯವರೆಗೆ 2ರಿಂದ 8 ಡಿಗ್ರಿ ತಂಪಲ್ಲಿ ಇರಬೇಕು, ನಮ್ಮ ಬಿಸಿಲು 40 ಡಿಗ್ರಿ. ಪಶು ಆಸ್ಪತ್ರೆ ತೆರೆಯುವ ಹೊತ್ತಿಗೆ ಕೋಳಿಗಳು ಗೂಡು ಬಿಟ್ಟು ಹೊಲ-ತಿಪ್ಪೆ ಸೇರಿರುತ್ತವೆ. ಕೋಳಿ ಕೈಗೆ ಸಿಗುವುದು ನಸುಕಿನಲ್ಲಿ ಮತ್ತು ಕತ್ತಲಾದ ಮೇಲೆ, ಕಚೇರಿಯ ಗಡಿಯಾರ ನಡೆಯುವುದು ಮಧ್ಯದಲ್ಲಿ. ಇನ್ನೊಂದು, ಜನ ಲಸಿಕೆ ಕೇಳುವುದು ಕೋಳಿ ಸಾಯಲು ಶುರುವಾದ ಮೇಲೆ. ಲಸಿಕೆ ಕೆಲಸ ಮಾಡಲು ಎರಡು ವಾರವಾದರೂ ಬೇಕು, ಅದೂ ಆರೋಗ್ಯವಾಗಿರುವ ಕೋಳಿಗೆ.

ದೊಡ್ಡ ಫಾರಂಗಳಿಗೆ ಈ ಯಾವ ತೊಂದರೆಯೂ ಇಲ್ಲ. ಅಲ್ಲಿ ಸಾವಿರಾರು ಕೋಳಿಗೆ ಒಂದೇ ದಿನ ಲಸಿಕೆ. ಇಡೀ ವ್ಯವಸ್ಥೆ ಅವರ ಅಳತೆಗೆ ಹೊಲಿದ ಅಂಗಿ. ಆದರೆ 2019ರ ಜಾನುವಾರು ಗಣತಿಯ ಪ್ರಕಾರ ದೇಶದ 85 ಕೋಟಿ ಕೋಳಿ-ಬಾತುಗಳಲ್ಲಿ ಸುಮಾರು 31.7 ಕೋಟಿ ಹಿತ್ತಲಿನವು. ಹಿಂದಿನ ಗಣತಿಗಿಂತ ಅವು ಸುಮಾರು ಶೇ 46ರಷ್ಟು ಹೆಚ್ಚಾಗಿವೆ, ಫಾರಂ ಕೋಳಿಗಳು ಬೆಳೆದದ್ದು ಶೇ 4.5ರಷ್ಟು ಮಾತ್ರ. ನಮ್ಮ ರಾಜ್ಯದಲ್ಲೇ ಹೆಬ್ಬಾಳದ ಕೃಷಿ ವಿಶ್ವವಿದ್ಯಾಲಯದ ಗಿರಿರಾಜ, ಆಮೇಲೆ ಸ್ವರ್ಣಧಾರ ಎಂದು ಹಿತ್ತಲಿಗೆಂದೇ ತಳಿಗಳು ಬಂದವು. ಮರಿ ಕೊಡುವ ಯೋಜನೆ ಇದೆ. ಮರಿಯನ್ನು ಉಳಿಸಿಕೊಡುವ ಯೋಜನೆ ಓಣಿಯ ತನಕ ಬಂದಿಲ್ಲ.

ಆಗದ ಕೆಲಸವೇನಲ್ಲ ಇದು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಬಿಸಿಲು ತಡೆಯುವ ಐ-2 ಎಂಬ ಲಸಿಕೆಯ ತಳಿಯನ್ನು ಬಡದೇಶಗಳಿಗಾಗಿಯೇ ತಯಾರಿಸಿದರು. ಮೊಜಾಂಬಿಕ್, ತಾಂಜಾನಿಯಾದ ಹಳ್ಳಿಗಳಲ್ಲಿ ಊರವರೇ ತರಬೇತಿ ಪಡೆದು ಮನೆಮನೆಗೆ ಹೋಗಿ ಕೋಳಿಯ ಕಣ್ಣಿಗೆ ಹನಿ ಹಾಕುತ್ತಾರೆ. ನಮಗೆ ಆಫ್ರಿಕಾದವರೆಗೆ ಹೋಗುವುದೂ ಬೇಕಿಲ್ಲ. ಇದೇ ದೇವದುರ್ಗದ, ಇದೇ ಮಾನ್ವಿಯ ಓಣಿ ಓಣಿಗೆ ಐಸ್ ಡಬ್ಬಿ ಹೊತ್ತು ಪೋಲಿಯೊ ಹನಿ ಬಂದಿತ್ತು. 2014ರಲ್ಲಿ ದೇಶ ಪೋಲಿಯೊ ಮುಕ್ತವಾಗಿದ್ದು ಹಾಗೆ. ಮಗುವಿನ ಬಾಯಿಗೆ ಹನಿ ತಲುಪಿಸಿದ ದಾರಿ ಕೋಳಿಯ ಕಣ್ಣಿಗೆ ಮುಚ್ಚಿಲ್ಲ.

ಒಂದು ಎಚ್ಚರಿಕೆ

ಒಂದೇ ಸಲ ಹಲವು ಕೋಳಿ ಸತ್ತರೆ, ಅದರಲ್ಲೂ ಜುಟ್ಟು ನೀಲಿಗಟ್ಟಿ, ಮುಖ ಊದಿ, ಕಾಗೆ-ಕೊಕ್ಕರೆಗಳೂ ಸಾಯುತ್ತಿದ್ದರೆ ಮನೆಮದ್ದಿನ ಮಾತು ಅಲ್ಲಿಗೇ ನಿಲ್ಲಬೇಕು. ಅದು ಹಕ್ಕಿಜ್ವರ ಇರಬಹುದು. 2025ರ ಆರಂಭದಲ್ಲಿ ಪಕ್ಕದ ಬಳ್ಳಾರಿ ಜಿಲ್ಲೆಯ ಸಂಡೂರು ತಾಲ್ಲೂಕಿನ ಕುರೆಕುಪ್ಪದಲ್ಲೇ ಅದು ದೃಢಪಟ್ಟಿತ್ತು. ಕೊಕ್ಕರೆ ರೋಗಕ್ಕೂ ಹಕ್ಕಿಜ್ವರಕ್ಕೂ ಇರುವ ವ್ಯತ್ಯಾಸ ಕಣ್ಣಿಗೆ ಕಾಣುವುದಿಲ್ಲ, ಪ್ರಯೋಗಾಲಯಕ್ಕೆ ಮಾತ್ರ ಗೊತ್ತಾಗುತ್ತದೆ. ಸತ್ತ ಕೋಳಿ ತಿನ್ನಬೇಡಿ, ಬರಿಗೈಯಲ್ಲಿ ಮುಟ್ಟಬೇಡಿ, ಕಾಲುವೆಗೆ ಎಸೆಯಬೇಡಿ. 1962ಕ್ಕೆ ಫೋನ್ ಮಾಡಿ ಅಥವಾ ಹತ್ತಿರದ ಪಶು ಆಸ್ಪತ್ರೆಗೆ ತಿಳಿಸಿ. ಮಾದರಿ ತೆಗೆದುಕೊಂಡ ಮೇಲೆ ಆಳವಾಗಿ ಗುಂಡಿ ತೋಡಿ ಸುಣ್ಣ ಹಾಕಿ ಹೂಳಿ.

ಇನ್ನೊಂದು ಕಹಿ ಮಾತೂ ಹೇಳಬೇಕು. ಬ್ಯಾನಿ ಬಂತೆಂದು ಗೊತ್ತಾದ ಕೂಡಲೇ ಉಳಿದವನ್ನಾದರೂ ಮಾರಿಬಿಡೋಣ ಎಂದು ಸಂತೆಗೆ ಒಯ್ಯುತ್ತೇವೆ. ಬಡತನದಲ್ಲಿ ಆ ಲೆಕ್ಕ ಅರ್ಥವಾಗುತ್ತದೆ. ಆದರೆ ಸಂತೆಯಿಂದ ಆ ರೋಗ ಹತ್ತು ಊರಿಗೆ ಹೋಗುತ್ತದೆ, ಮತ್ತೆ ಮುಂದಿನ ವರ್ಷ ನಮ್ಮೂರಿಗೇ ತಿರುಗಿ ಬರುತ್ತದೆ. ಸಂತೆಯಿಂದ ತಂದ ಹೊಸ ಕೋಳಿಯನ್ನು ಎರಡು ವಾರ ಬೇರೆ ಬುಟ್ಟಿಯಲ್ಲಿ ಇಡುವುದು ಯಾವ ಕಷಾಯಕ್ಕಿಂತಲೂ ದೊಡ್ಡ ಮದ್ದು. ಅದಕ್ಕೆ ಪೈಸೆ ಖರ್ಚಿಲ್ಲ.

ನಾವು ಕೇಳುವುದು

ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ವರ್ಷಕ್ಕೆ ಮೂರು ಸಲ ಕೋಳಿ ಲಸಿಕೆಯ ದಿನ ಗೊತ್ತು ಮಾಡಬೇಕು. ಅದರಲ್ಲಿ ಒಂದು ಉಗಾದಿಯ ಮುಂಚೆ, ಒಂದು ಮಳೆಗಾಲದ ಮುಂಚೆ ಇರಲಿ. ಹಿಂದಿನ ದಿನ ಡಂಗುರ ಸಾರಲಿ, ಕೋಳಿ ಬಿಡುವ ಮೊದಲು ನಸುಕಿನಲ್ಲಿ ಲಸಿಕೆ ಹಾಕಲಿ. ಒಂದು ಓಣಿಯ ಕೋಳಿಗಳೆಲ್ಲ ಸೇರಿದರೆ 200 ಡೋಸಿನ ಸೀಸೆ ಹೆಚ್ಚೇನೂ ಅಲ್ಲ. ಸಂಜೀವಿನಿ ಒಕ್ಕೂಟಗಳ ಪಶುಸಖಿಯರಿಗೆ ಐಸ್ ಡಬ್ಬಿ, ತರಬೇತಿ, ಕೋಳಿಗಿಷ್ಟು ಎಂದು ಗೌರವಧನ ಕೊಟ್ಟರೆ ಈ ಕೆಲಸ ಅವರಿಂದ ಆಗುತ್ತದೆ. ಜೊತೆಗೆ ಬೀದರಿನ ಪಶುವೈದ್ಯ ವಿಶ್ವವಿದ್ಯಾಲಯವೂ ನಮ್ಮ ಕೃಷಿ ವಿಜ್ಞಾನ ಕೇಂದ್ರವೂ ಈ ಭಾಗದ ಹೆಣ್ಣುಮಕ್ಕಳು ಬಳಸುವ ಮದ್ದುಗಳನ್ನು ಕೂತು ಕೇಳಿ, ಬರೆದುಕೊಂಡು, ಯಾವುದು ನಾಟುತ್ತದೆ ಯಾವುದು ಇಲ್ಲ ಎಂದು ಅಳತೆ ಸಮೇತ ಹೇಳಲಿ.

ನಮ್ಮಂಥ ಬರೆಯುವವರಿಗೂ ಇಲ್ಲಿ ಪಾಲಿದೆ. ಕೋಳಿ ಮನೆಮದ್ದಿನ ಸುದ್ದಿ ಬರೆಯುವಾಗ ರೋಗದ ಹೆಸರು, ಅಳತೆ, ಎಷ್ಟು ದಿನ ಕಾಯಬೇಕು, ಯಾವಾಗ ವೈದ್ಯರನ್ನು ಕರೆಯಬೇಕು ಎಂಬ ನಾಲ್ಕು ಸಾಲು ಇಲ್ಲದೆ ಅದು ಸುದ್ದಿ ಅಲ್ಲ.

ಓದಿದ ನಿಮ್ಮಲ್ಲಿ ಒಂದು ಕೇಳಿಕೆ. ಮುಂದಿನ ಗ್ರಾಮಸಭೆಯಲ್ಲಿ ರಸ್ತೆ, ಚರಂಡಿ, ಮನೆ ಎಲ್ಲ ಮಾತಾದ ಮೇಲೆ ಎದ್ದು ನಿಂತು ‘ನಮ್ಮೂರ ಕೋಳಿಗೆ ಕೊನೆಯ ಸಲ ಲಸಿಕೆ ಹಾಕಿದ್ದು ಯಾವತ್ತು?’ ಎಂದು ಕೇಳಿ. ಕೆಲವರು ನಗಬಹುದು. ಹಿಂದಿನ ಸಾಲಲ್ಲಿ ಕೂತ ಹೆಣ್ಣುಮಕ್ಕಳು ನಗುವುದಿಲ್ಲ.